ಏರಿನಲ್ಲಿ ಮಾತ್ರ ಬರುವ ಸದ್ದು

ಸಂಪಾಜೆ ಘಾಟಿಯಲ್ಲಿ ಮಡಿಕೇರಿ ಕಡೆ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ನಮ್ಮ ಪೆಟ್ರೋಲ್ ಕಾರು ಟಕಟಕ ಅನ್ನುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ಸದ್ದೇ ಇಲ್ಲ. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತುವ ಮೊದಲು ಪಕ್ಕದಲ್ಲಿ ಕೂತು ಏರು ಹತ್ತಿಸಿ ಕೇಳಿದರು. ಅದು ನನಗೆ ತುಂಬಾ ಹಿಡಿಸಿತು. ಲೋಡ್ ಬಿದ್ದಾಗ ಮಾತ್ರ ಬಂದರೆ ನಾಕಿಂಗ್ ಇರಬಹುದು ಅಂದರು. ಅಂದರೆ ಪ್ಲಗ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಸಿಲಿಂಡರಿನಲ್ಲಿ ಉಳಿದ ಪೆಟ್ರೋಲ್, ಗಾಳಿ ಬಿಸಿಗೂ ಒತ್ತಡಕ್ಕೂ ತಾನಾಗೇ ಸಿಡಿಯುವುದು. ಪ್ಲಗ್ ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೆ ಕಾರ್ಬನ್ ಮಸಿ ಕಟ್ಟಿತ್ತು, ಬಿಸಿ, ಒತ್ತಡ ಏರಿದ್ದು ಅದರಿಂದಲೇ ಇರಬೇಕು. ಕ್ಲೀನ್ ಮಾಡಿ ಹೊಸ ಪ್ಲಗ್ ಹಾಕಿದರು. ಸದ್ದು ನಿಂತಿತು. ಅಷ್ಟು ಸುಲಭಕ್ಕೆ ತಾನಾಗೇ ಸಿಡಿಯದ 95 ಆಕ್ಟೇನ್ ಪೆಟ್ರೋಲ್ ಹಾಕಿದ್ದರೂ ಸದ್ದು ಕಮ್ಮಿ ಆಗುತ್ತಿತ್ತೇನೋ, ಆದರೆ ಕಾರ್ಬನ್ ಅಲ್ಲೇ ಉಳಿಯುತ್ತಿತ್ತು, ಅಲ್ವಾ? ಹಳೇ ಗಾಡಿ, ಸದ್ದು ಇದ್ದದ್ದೇ ಅಂತ ಸುಮ್ನೆ ಬಿಡಬೇಡಿ. ಜೋರಾದ ನಾಕಿಂಗ್ ಪಿಸ್ಟನ್ನನ್ನೇ ಹಾಳು ಮಾಡುತ್ತದೆ.