ಭೋಗನಂದೀಶ್ವರನ ಸನ್ನಿಧಿಯಲ್ಲಿ ಪ್ರದೋಷ

ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸಂಜೆ ಕೈತುಂಬ ಕೆಲಸದ ಹೊತ್ತು. ಹಸು ಕರೆದು ಡೈರಿಗೆ ಹಾಲು ಹಾಕಬೇಕು, ಮರುದಿನದ ಮಾರುಕಟ್ಟೆಗೆ ಹೂವು ಬಿಡಿಸಿಡಬೇಕು, ಬೆಂಗಳೂರಿಗೆ ದುಡಿಯಲು ಹೋದವರು ಬಸ್ಸಿಳಿದು ಮನೆ ಸೇರಬೇಕು. ನಮ್ಮ ಹಿರಿಯರು ಶಿವಪೂಜೆಗೆ ಶ್ರೇಷ್ಠವೆಂದು ಆರಿಸಿಕೊಂಡದ್ದು ಇದೇ ಹೊತ್ತನ್ನು, ತ್ರಯೋದಶಿಯ ಸೂರ್ಯಾಸ್ತದ ಆಸುಪಾಸಿನ ಪ್ರದೋಷಕಾಲವನ್ನು. ಕೆಲಸವೆಲ್ಲ ತೀರಿದ ಮೇಲೆ ದೇವರ ಮುಂದೆ ಕೂರುತ್ತೇನೆ ಎನ್ನುವವನಿಗೆ ಆ ಘಳಿಗೆ ಒದಗುವುದೇ ಇಲ್ಲವೆಂದು ಅವರಿಗೆ ತಿಳಿದಿತ್ತೆಂದು ನನಗೆ ಅನ್ನಿಸುತ್ತದೆ. ಆದ್ದರಿಂದಲೇ ಪಕ್ಷಕ್ಕೊಮ್ಮೆ, ಕೆಲಸ ಇನ್ನೂ ಬಾಕಿಯಿರುವಾಗಲೇ, ಅದನ್ನು ಬದಿಗಿಟ್ಟು ಬಾ ಎಂದು ಈ ವ್ರತ ಕರೆಯುತ್ತದೆ.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಇತಿಹಾಸ 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಗುಡಿಗಳು ಅಕ್ಕಪಕ್ಕದಲ್ಲಿವೆ, ನಡುವೆ ಉಮಾಮಹೇಶ್ವರರಿದ್ದಾರೆ; 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಯೋಗನಂದೀಶ್ವರನ ಗುಡಿಯಿದೆ. ಕೆಳಗಿನ ಇಬ್ಬರಲ್ಲಿ ಶಿವನ ಬಾಲ್ಯ ಮತ್ತು ಯೌವನವನ್ನೂ ಮೇಲಿರುವವನಲ್ಲಿ ವೈರಾಗ್ಯವನ್ನೂ ಕಾಣುವುದು ಈ ಕ್ಷೇತ್ರದ ನಂಬಿಕೆ. ಶಿವರಾತ್ರಿಯ ತೇರು ಹೊರಡುವುದು ತಪ್ಪಲಿನ ಈ ಊರಿನಲ್ಲಿಯೇ. ಮನೆಮಠ ಬಿಟ್ಟು ಬೆಟ್ಟ ಹತ್ತಿದವರಿಗೆ ಮಾತ್ರ ವಿಶ್ರಾಂತಿಯೆಂದು ಶಿವ ಹೇಳಿಲ್ಲ. ಸಂಸಾರಿಗಳಿಗಾಗಿ ಅವನು ಕೆಳಗೂ ನೆಲೆಸಿದ್ದಾನೆ ಎಂಬ ಧೈರ್ಯದಿಂದಲೇ ನಾನು ಆ ಅಂಗಳಕ್ಕೆ ಕಾಲಿಡುತ್ತೇನೆ.

ಪ್ರದೋಷದಂದು ಹಲವರು ಸೋಮಸೂತ್ರ ಪ್ರದಕ್ಷಿಣೆ ಮಾಡುತ್ತಾರೆ. ಗರ್ಭಗುಡಿಯ ಅಭಿಷೇಕದ ನೀರು ಹರಿದು ಬರುವ ಸೋಮಸೂತ್ರವನ್ನು ದಾಟುವಂತಿಲ್ಲವಾದ್ದರಿಂದ, ಅದರ ಹತ್ತಿರದವರೆಗೆ ಹೋಗಿ, ನಿಂತು, ಬಂದ ದಾರಿಯಲ್ಲಿಯೇ ನಂದಿಯ ಬಳಿಗೆ ಮರಳಿ, ಮತ್ತೊಂದು ಪಕ್ಕದಿಂದ ಅದೇ ಸ್ಥಳದವರೆಗೆ ನಡೆಯಬೇಕು. ಗಡಿಬಿಡಿಯಲ್ಲಿ ಸುತ್ತು ಹಾಕಿ ಮುಗಿಸಲು ಬಂದವನನ್ನೂ ಈ ಕ್ರಮ ತಡೆದು ನಿಲ್ಲಿಸುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ ಗಮನವಿಡುತ್ತ ನಡೆದಂತೆ, ನಾಳೆಯ ಲೆಕ್ಕಾಚಾರಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ತುಟಿಯ ಮೇಲಿನ ಪಂಚಾಕ್ಷರಿ ಉಸಿರಿನ ಜೊತೆಗೆ ಸೇರುತ್ತದೆ. ದೇಹ ನಡೆಯುತ್ತಿರುವಾಗಲೇ ಮನಸ್ಸು ಕೂರುವುದನ್ನು ಕಲಿಯುವುದು ಇಲ್ಲಿಯೇ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಒಬ್ಬರು ದೇವಸ್ಥಾನದಲ್ಲಿ ಕುಳಿತಿರುವಾಗ ಕೊಟ್ಟಿಗೆಯ ಕೆಲಸವನ್ನು ಮನೆಯಲ್ಲಿ ಬೇರೆ ಯಾರೋ ಮಾಡುತ್ತಿರುತ್ತಾರೆ, ಬಹುಮಟ್ಟಿಗೆ ಹೆಂಗಸರೇ. ಅದರ ಮೇಲೆ ವ್ರತದ ಊಟಕ್ಕೆಂದು ಕೋಸಂಬರಿ, ಪಾಯಸ, ಒಬ್ಬಟ್ಟುಗಳ ಸಾಲು ಬೆಳೆದರೆ ಉಪವಾಸದ ಉದ್ದೇಶವೇ ಕೆಡುತ್ತದೆ. ಪೂಜೆ ಮುಗಿದ ಮೇಲೆ ಹಣ್ಣು, ಹಾಲು, ಒಂದಿಷ್ಟು ನೆನೆಸಿದ ಅವಲಕ್ಕಿ ಸಾಕು. ಒಲೆಗೂ ಆ ಸಂಜೆ ವಿರಾಮವಿರಲಿ. ಈ ತ್ರಯೋದಶಿಗೆ ಸನ್ನಿಧಿಗೆ ಹೋದವರು ಮುಂದಿನ ತ್ರಯೋದಶಿಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಲಿ, ಮನೆಯಲ್ಲಿ ಉಳಿದವರು ಆ ಸಂಜೆ ಭೋಗನಂದೀಶ್ವರನ ಮುಂದೆ ಕೂರಲಿ.