“ಅಷ್ಟೆಲ್ಲ ಆದಮೇಲೂ ದೇವರು ಕೊಡುತ್ತಾನೆ ಎಂದು ನಂಬುತ್ತೀರಾ, ಅಕ್ಕ?”

ಮದುವೆ, ಉಪನಯನ, ಮನೆಯೊಕ್ಕಲು ಎಂದು ಎಲ್ಲಿಗೆ ಹೋದರೂ ಊಟದ ಹಂತಿಯಲ್ಲಿ ಪಕ್ಕಕ್ಕೆ ಕುಳಿತವರು, ಸಾರು ಬರುವ ಮೊದಲೋ ಪಾಯಸ ಮುಗಿದ ಮೇಲೋ, ನನ್ನನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಅಷ್ಟೆಲ್ಲ ಆದಮೇಲೂ ದೇವರು ಕೊಡುತ್ತಾನೆ ಎಂದು ನಂಬುತ್ತೀರಾ, ಅಕ್ಕ? ನಿಮ್ಮಲ್ಲಿ ಪವಾಡವೇ ನಡೆಯಿತಂತೆ, ಹೌದಾ?” ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ನನ್ನ ಬಾಯಿಂದ ‘ಹೌದು’ ಎಂಬ ಮಾತೇ ಬೇಕು, ಏಕೆಂದರೆ ಅವರ ಮನೆಯವರು ಯಾರೋ ಆಗ ಆಸ್ಪತ್ರೆಯಲ್ಲಿರುತ್ತಾರೆ. ಇನ್ನು ಕೆಲವರಿಗೆ ನಾನು ತಡವರಿಸುವುದನ್ನು ನೋಡಬೇಕಾಗಿರುತ್ತದೆ. ಬಾಳೆಲೆ ಮುಂದಿಟ್ಟುಕೊಂಡು ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

‘ಅಷ್ಟೆಲ್ಲ’ ಎಂದರೆ ಏನೆಂದು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಗುಡ್ಡೆಯ ಬುಡದಲ್ಲಿ, ನಮಗೆ ಎರಡು ಎಕರೆಗೂ ಕಡಿಮೆಯ ಅಡಿಕೆ ತೋಟವಿದೆ. 2017ರಲ್ಲಿ ಯಜಮಾನರಿಗೆ ಕಿಡ್ನಿ ಕಸಿಯಾಯಿತು. ಅದಕ್ಕಾಗಿ ಸೊಸೈಟಿಯಲ್ಲಿ ಸಾಲ ಮಾಡಿದೆವು, ನನ್ನ ಕೈಯ ಬಳೆಗಳೂ ಹೋದವು. 2018ರ ಮಳೆಗಾಲದಲ್ಲಿ ಕೊಳೆರೋಗ ಅರ್ಧಕ್ಕಿಂತ ಹೆಚ್ಚು ಫಸಲನ್ನು ಮರದಡಿಗೆ ಉದುರಿಸಿತು. 2020ರಲ್ಲಿ ಕೊರೋನಾ ಬಂತು, ಮಂಗಳೂರಿನ ದಾರಿ ಮುಚ್ಚಿತು, ಇವರ ಮಾತ್ರೆಗಳು ಮುಗಿಯುತ್ತ ಬಂದವು. ಪವಾಡ ನಡೆಯಿತಂತೆ ಎಂದು ಜನ ಹೇಳುವುದು ಈ ಮೂರನೆಯ ಸಂಗತಿಯ ಕುರಿತು.

ದೇವರು ಕೊಡುತ್ತಾನೆ ಎಂಬ ಮಾತಿನ ಅರ್ಥ ನನಗೆ ಸ್ವಲ್ಪವಾದರೂ ತಿಳಿದದ್ದು ತವರಿನ ಸುರಂಗದ ಬಾಯಲ್ಲಿ ಕುಳಿತು. ಹೊರಗಿನವರಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ. ಬಾಯಾರು, ಶೇಣಿ, ಪೆರ್ಲದ ಕಡೆಯವರಿಗೆ ಅದು ನೀರಿನ ಮೂಲ. ಬಾವಿಯನ್ನು ಕೆಳಕ್ಕೆ ತೋಡುವಂತೆ ಸುರಂಗವನ್ನು ಗುಡ್ಡೆಯ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಇನ್ನೊಬ್ಬ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ತರುತ್ತಾನೆ. ಒಳಗಿಟ್ಟ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲುತ್ತಿಲ್ಲವೆಂದು ತಿಳಿದು ಹೊರಗೆ ಬರಬೇಕು. ಮುರಕಲ್ಲು ಎಂಬ ಕೆಂಪುಕಲ್ಲು ದಾಟಿ ಒರತೆ ಸಿಕ್ಕಿದರೆ ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಸಿಗದಿದ್ದರೆ ತಿಂಗಳುಗಟ್ಟಲೆಯ ದುಡಿಮೆ ಬಾವಲಿಗಳ ಪಾಲು.

ಅಜ್ಜ ತವರಿನ ಆ ಸುರಂಗವನ್ನು ಆರಂಭಿಸಿದ್ದು ಗುಡ್ಡೆಯ ಬುಡದಲ್ಲಿ ದೀಪ ಇಟ್ಟು, ಕಾಯಿ ಒಡೆದು. ಇಪ್ಪತ್ತೆಂಟು ಕೋಲಿನವರೆಗೆ, ಎಂದರೆ ಸುಮಾರು ಎಪ್ಪತ್ತು ಅಡಿಯವರೆಗೆ, ಒಣಮಣ್ಣೇ ಬಂತಂತೆ. ಅಲ್ಲಿ ಬಂಡೆ ಅಡ್ಡ ಬಂದುದರಿಂದ ಎಡಕ್ಕೆ ತಿರುಗಿಸಿದರು. ದಿನಾ ಸಂಜೆ ಅಜ್ಜಿ ಒಂದೇ ಪ್ರಶ್ನೆ ಕೇಳುತ್ತಿದ್ದರು, “ಒರತೆ ಕಂಡಿತಾ?” ಅಜ್ಜ ಕಂಡಿತು ಎಂದೂ ಹೇಳುತ್ತಿರಲಿಲ್ಲ, ಇಲ್ಲವೆಂದೂ ಹೇಳುತ್ತಿರಲಿಲ್ಲ, “ಮಣ್ಣು ತಂಪು ಉಂಟು” ಎಂದು ಹೇಳಿ ಕಾಲು ತೊಳೆಯಲು ಹೋಗುತ್ತಿದ್ದರು. ನಲವತ್ತೊಂದನೆಯ ಕೋಲಿನಲ್ಲಿ ನೀರು ಸಿಕ್ಕಿತು. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಂದರ ನಂತರ ಒಂದು ಸುರಂಗ ಬರಿದಾದರೂ ಬಿಡದೆ ಒಬ್ಬರೇ ಕೊರೆದು, ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂದಾಗ, ನಮ್ಮ ಕಡೆಯ ಪ್ರತಿಯೊಂದು ಮನೆಯವರಿಗೂ ತಮ್ಮ ಅಜ್ಜನಿಗೇ ಬಂದಷ್ಟು ಸಂತೋಷವಾಯಿತು.

ಗುಡ್ಡೆಯೊಳಗೆ ನೀರನ್ನು ಇಟ್ಟವನು ದೇವರು ಎಂಬುದರಲ್ಲಿ ಅಜ್ಜನಿಗೆ ಅನುಮಾನವಿರಲಿಲ್ಲ. ಆ ನೀರು ತಾನು ಕೊರೆದ ಕಡೆಗೇ ಬರಬೇಕೆಂಬ ಹಟವೂ ಅವರಿಗಿರಲಿಲ್ಲ. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

2018ರ ಜುಲೈ ತಿಂಗಳಲ್ಲಿ ನಾನು ದೇವರಲ್ಲಿ ಬೇಡಿದ್ದು ಎರಡೇ ಎರಡು ದಿನದ ಬಿಸಿಲು. ಕೊಳೆರೋಗಕ್ಕೆ ಮೊದಲ ಸಲದ ಮದ್ದು ಸಿಂಪಡಿಸಿ ನಲವತ್ತು ದಿನ ಕಳೆದಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಎಲ್ಲವನ್ನೂ ತಂದಿಟ್ಟಿದ್ದೆ. ಮರ ಹತ್ತುವವನೂ ಮಾತು ಕೊಟ್ಟಿದ್ದ. ಮಳೆ ಬಿಡಲಿಲ್ಲ. ಎರಡು ದಿನ ಹಾಗಿರಲಿ, ಅರ್ಧ ದಿನದ ಹೊಳವೂ ಸಿಗಲಿಲ್ಲ. ಹಸಿರು ಕಾಯಿಗಳು ಕೊಳೆತು ಬಿದ್ದ ವಾಸನೆ ಅಂಗಳದವರೆಗೆ ಬರುತ್ತಿತ್ತು. ಅದರ ಹಿಂದೆ ದೇವರ ಏನೋ ಉದ್ದೇಶವಿತ್ತೆಂದು ನನಗೆ ಸಮಾಧಾನ ಹೇಳಿದವರಿದ್ದಾರೆ. ಇದ್ದಿರಬಹುದು. ನನಗಂತೂ ಇಂದಿನವರೆಗೆ ಅದು ಗೋಚರಿಸಿಲ್ಲ, ಗೋಚರಿಸಿತೆಂದು ಸುಳ್ಳು ಹೇಳುವ ಮನಸ್ಸೂ ಇಲ್ಲ. 2020ರ ಮಳೆಗಾಲದ ನಂತರ ಅಡಿಕೆಯ ಧಾರಣೆ ಏರುತ್ತ ಹೋಗಿ, ಮರುವರ್ಷ ಹಳೆ ಚಾಲಿ, ಎಂದರೆ ಒಣಗಿಸಿ ಸುಲಿದ ಹಳೆಯ ಅಡಿಕೆ, ಕಿಲೋಗೆ 500 ರೂಪಾಯಿ ಮುಟ್ಟಿದಾಗ, “ನೋಡಿ, ಕೊಳೆಯಲ್ಲಿ ಹೋದದ್ದನ್ನು ದೇವರು ಧಾರಣೆಯಲ್ಲಿ ಕೊಟ್ಟ” ಎಂದರು. ಸಾಲ ತೀರಿದ್ದು ಆ ಧಾರಣೆಯಿಂದಲೇ, ನಿಜ. ಆದರೆ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ, ಸ್ವಂತಕ್ಕೆ ಒಂದು ಅಡಿಕೆ ಮರವೂ ಇಲ್ಲದ ಹೆಂಗಸಿಗೆ ಆ ವರ್ಷ ಅದೇ ದೇವರು ಏನು ಕೊಟ್ಟನೆಂದು ಕೇಳಿದರೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಆದ್ದರಿಂದ ಧಾರಣೆಯನ್ನು ನಾನು ಪವಾಡದ ಖಾತೆಗೆ ಬರೆಯುವುದಿಲ್ಲ.

ಇನ್ನು 2020ರ ಮಾತು. ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿದಾಗ, ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿದ್ದು ಮಾತ್ರವಲ್ಲ, ಒಳದಾರಿಗಳಿಗೂ ಮಣ್ಣು ಸುರಿಯಿತು. ಕಾಸರಗೋಡಿನ ಉತ್ತರ ಭಾಗದವರಿಗೆ ಹೆರಿಗೆಯಿಂದ ಹಿಡಿದು ಹೃದಯದ ಕಾಯಿಲೆಯವರೆಗೆ ಎಲ್ಲದಕ್ಕೂ ಮಂಗಳೂರೇ ಗತಿ. ರಾಜ್ಯ ಬೇರೆಯೆಂಬುದು ನಮಗೆ ನೆನಪಾಗುವುದು ಮತ ಹಾಕುವಾಗ ಮಾತ್ರ. ದಾರಿ ಮುಚ್ಚಿದ್ದರಿಂದ ಚಿಕಿತ್ಸೆ ಸಿಗದೆ ಗಡಿಯ ಈಚೆಯಲ್ಲೇ ಕೆಲವು ರೋಗಿಗಳು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ಕಸಿ ಮಾಡಿದ ಕಿಡ್ನಿಯನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ತಡೆಯಲು ಟ್ಯಾಕ್ರೋಲಿಮಸ್ ಎಂಬ ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ ತಪ್ಪದೆ ನುಂಗಬೇಕು. ಅದನ್ನು ಪ್ರತಿ ತಿಂಗಳು ಮಂಗಳೂರಿನಿಂದ ತರಿಸುತ್ತಿದ್ದೆವು. ಒಂದು ಸಂಜೆ ಎಣಿಸಿ ನೋಡಿದೆ. ಹನ್ನೆರಡು ಉಳಿದಿದ್ದವು, ಎಂದರೆ ಆರು ದಿನಕ್ಕೆ ಆಗುವಷ್ಟು. ಅಂಗಡಿಯವರಿಗೆ ಫೋನು ಮಾಡಿದರೆ ಮಾತ್ರೆ ಇದೆ, ಕಳಿಸಲು ದಾರಿಯಿಲ್ಲ ಎಂದರು. ಅಂದು ದೀಪ ಹಚ್ಚಿ ಕುಳಿತಾಗ ಮಂತ್ರ, ಸ್ತೋತ್ರ ಯಾವುದೂ ಬಾಯಿಗೆ ಬರಲಿಲ್ಲ. ‘ಆರು ದಿನ ಉಂಟು’ ಎಂದು ಮಾತ್ರ ದೇವರಿಗೆ ತಿಳಿಸಿದೆ. ಬೇಡಿಕೆ ಎನ್ನುವುದಕ್ಕಿಂತ ಅದೊಂದು ವರದಿ. ಮರುದಿನ ಬೆಳಿಗ್ಗೆಯಿಂದ ಗೊತ್ತಿದ್ದವರಿಗೆಲ್ಲ ಫೋನು ಮಾಡತೊಡಗಿದೆ. ಹತ್ತನೆಯವರೋ ಹನ್ನೊಂದನೆಯವರೋ ಆದ ಪಂಚಾಯತಿನ ಸದಸ್ಯೆ, ಕೇರಳದ ಅಗ್ನಿಶಾಮಕ ದಳದವರು ರೋಗಿಗಳಿಗೆ ಮದ್ದು ತಲುಪಿಸುತ್ತಿದ್ದಾರೆ ಎಂದು ಹೇಳಿ, ಅವರೇ ಮುಂದೆ ನಿಂತು ಮಾತಾಡಿದರು. ಕೋಝಿಕ್ಕೋಡಿನ ಒಂದು ಅಂಗಡಿಯಲ್ಲಿ ಸಿಕ್ಕಿದ ಮಾತ್ರೆ ಒಂದು ಠಾಣೆಯ ಗಾಡಿಯಿಂದ ಇನ್ನೊಂದು ಠಾಣೆಯ ಗಾಡಿಗೆ ಕೈ ಬದಲಾಯಿಸುತ್ತ ಬಡಗಣ ದಿಕ್ಕಿಗೆ ಬಂತು. ಖಾಕಿ ತೊಟ್ಟ ಹುಡುಗನೊಬ್ಬ ಗೇಟಿನ ಹೊರಗೇ ನಿಂತು, “ಚೇಚೀ, ಮರುನ್ನು” (ಅಕ್ಕಾ, ಮದ್ದು) ಎಂದು ಕೂಗಿ, ಮುರಕಲ್ಲಿನ ಕಟ್ಟೆಯ ಮೇಲೆ ಪೊಟ್ಟಣ ಇಟ್ಟ. ಒಂದು ಲೋಟ ನೀರಾದರೂ ಕುಡಿಯೆಂದರೆ, ಮುಟ್ಟಬಾರದೆಂದು ನಿಯಮವಿದೆ ಎಂದು ನಕ್ಕು ಹೊರಟುಹೋದ.

ಈ ಕಥೆಯನ್ನು ಬಂಧುಗಳ ಬಾಯಲ್ಲಿ ಕೇಳಿದರೆ, ಕೊನೆಯ ಮಾತ್ರೆಯನ್ನು ನುಂಗಿ ನೀರು ಕುಡಿಯುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು ಎಂದು ಇರುತ್ತದೆ. ನಿಜವಾಗಿ ಐದು ಮಾತ್ರೆಗಳು ಉಳಿದಿದ್ದವು. ನಾನು ತಿದ್ದಿದರೆ ಕೇಳುವವರಿಗೆ ನಿರಾಸೆಯಾಗುತ್ತದೆ. ದೇವರ ಮಹಿಮೆಯನ್ನು ನಾನೇ ಐದು ಮಾತ್ರೆಯಷ್ಟು ಕಡಿಮೆ ಮಾಡಿದಂತೆ ಮುಖ ಮಾಡುತ್ತಾರೆ. ಅದನ್ನು ಕೊಟ್ಟವನು ದೇವರು ಎಂದೇ ನಾನು ನಂಬಿದ್ದೇನೆ, ಆ ಬಗ್ಗೆ ನನಗೆ ಸಂಕೋಚವಿಲ್ಲ. ಆದರೆ ಅದೇ ವಾರ ಆಂಬುಲೆನ್ಸಿನಲ್ಲಿ ಉಸಿರು ನಿಂತವರ ಮನೆಯಲ್ಲೂ ಸಂಜೆ ದೀಪ ಹಚ್ಚಿದ್ದರು, ಅಥವಾ ನಮಾಜು ಮಾಡಿದ್ದರು, ಜಪಸರ ಹಿಡಿದಿದ್ದರು. ನಮ್ಮ ನಂಬಿಕೆ ಗಟ್ಟಿಯಿತ್ತು, ಅದಕ್ಕೇ ಉಳಿದೆವು ಎಂದು ನಾನು ಬಾಯಿ ಬಿಟ್ಟರೆ, ಅವರದು ಸಡಿಲವಿತ್ತು ಎಂದೇ ಹೇಳಿದಂತಾಗುತ್ತದೆ. ಅಂಥ ಮಾತು ಹೇಳುವುದಕ್ಕಿಂತ ಪ್ರಶ್ನೆಗೆ ಉತ್ತರ ಕೊಡದಿರುವುದು ಮೇಲು.

ಈ ವಿಷಯದಲ್ಲಿ ನನ್ನ ನಾಲಿಗೆಯನ್ನು ಹಿಡಿದಿರುವವರು ಇನ್ನೊಬ್ಬರಿದ್ದಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ನೇ ಇಸವಿಯವರೆಗೆ ನಡೆಯಿತಷ್ಟೆ. ಆ ಕಡೆಯ ಒಬ್ಬ ತಾಯಿ ನನಗೆ ಪರಿಚಿತರು. ಮಗನಿಗೆ ಮೂವತ್ತು ದಾಟಿದೆ, ಇಂದಿಗೂ ಎತ್ತಿಯೇ ಮೀಯಿಸಬೇಕು. ಆ ವಿಷಕ್ಕೆ ತುತ್ತಾದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದ ಮೇಲೂ ಹಣಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಅವರ ಮುಂದೆ ಪವಾಡ ಎಂಬ ಶಬ್ದವನ್ನು ನಾನು ಎತ್ತುವುದಿಲ್ಲ. ಒಮ್ಮೆ ಅವರೇ ಎತ್ತಿದರು: “ಇವನು ನಡೆಯಲಿ ಎಂದು ಬೇಡುವುದನ್ನು ಬಿಟ್ಟು ಇಪ್ಪತ್ತು ವರ್ಷ ಆಯಿತು. ಈಗ ನನಗೆ ಇವನಿಗಿಂತ ಒಂದು ದಿನ ಹೆಚ್ಚು ಆಯುಸ್ಸು ಕೊಡು ಎಂದು ಬೇಡುತ್ತೇನೆ.” ದೇವರನ್ನು ಅವರು ಬಿಟ್ಟಿಲ್ಲ. ಬೇಡುವುದನ್ನು ಬದಲಾಯಿಸಿದ್ದಾರೆ, ಅಷ್ಟೆ. ನಂಬಿಕೆಯ ಬಗ್ಗೆ ಪ್ರಶ್ನೆ ಕೇಳುವುದಿದ್ದರೆ ಅವರನ್ನು ಕೇಳಬೇಕು, ನನ್ನನ್ನಲ್ಲ.

ಹಾಗಾದರೆ ಹರಕೆ ಹೇಳುವುದಿಲ್ಲವೇ ಎಂದರೆ, ಹೇಳುತ್ತೇನೆ. ಆಪರೇಷನ್ ದಿನ ಮಧೂರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡಿದ್ದೆ, ಅದು ಶುದ್ಧ ಚೌಕಾಶಿಯೇ. ಮನುಷ್ಯ ಹೆದರಿದಾಗ ವೇದಾಂತ ಕೈಗೆ ಸಿಗುವುದಿಲ್ಲ. 33 ವರ್ಷಗಳ ನಂತರ 2025ರಲ್ಲಿ ಅಲ್ಲಿ ಮೂಡಪ್ಪ ಸೇವೆ ನಡೆದು, ಮಹಾಗಣಪತಿಯ ವಿಗ್ರಹ ಮುಚ್ಚುವಷ್ಟು ಅಪ್ಪ ತುಂಬಿದಾಗ, ನಾವು ಹಸಿರುವಾಣಿಗೆ, ಎಂದರೆ ಹೊರೆಕಾಣಿಕೆಗೆ, ಒಂದು ಗೊನೆ ಬಾಳೆ, ಹತ್ತು ತೆಂಗಿನಕಾಯಿ ಕೊಟ್ಟೆವು. ಅಷ್ಟು ಜನಕ್ಕೆ ಅನ್ನ ಹೇಗೆ ಸಾಲಿತು ಎಂದು ಬೆರಗಾದವರು ಇದ್ದಾರೆ. ಊರೂರಿನಿಂದ ಹೊರೆಕಾಣಿಕೆಯ ಲಾರಿಗಳು ಬರುವುದನ್ನು ನೋಡಿದವರಿಗೆ ಅದು ಹೇಗೆ ಸಾಲಿತೆಂಬುದು ಗೊತ್ತು. ಬೆರಗು ಅದರಿಂದ ಕಡಿಮೆಯಾಗುವುದಿಲ್ಲ.

ಅನಂತಪುರದ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗಲೂ ನನಗೆ ಹೀಗೆಯೇ ಅನಿಸಿತು. ಮೊಸಳೆ ಪ್ರಸಾದದ ಅನ್ನ ತಿನ್ನುತ್ತದೆ ಎಂದು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಚಿಕ್ಕಂದಿನಲ್ಲಿ ನಾನೂ ಬಾಯಿ ತೆರೆದು ನಿಂತವಳೇ. ದೊಡ್ಡವಳಾದ ಮೇಲೆ ನನ್ನ ಕಣ್ಣು ಹೋದದ್ದು ಅನ್ನ ಹಿಡಿದು ಮೆಟ್ಟಿಲಿಳಿಯುವ ಅರ್ಚಕರ ಕಡೆಗೆ. ಮಳೆಯಿರಲಿ ಬಿಸಿಲಿರಲಿ, ನೋಡುವವರು ಇರಲಿ ಇಲ್ಲದಿರಲಿ, ನೀರಿನ ಹತ್ತಿರ ಹೋಗಿ ಕರೆಯುವವರೊಬ್ಬರು ಇದ್ದುದರಿಂದಲ್ಲವೇ ಅದು ಬರುತ್ತಿದ್ದುದು.

ಮಾವನವರು ಹೇಳುತ್ತಿದ್ದುದೂ ಇದೇ ಜಾತಿಯ ಸಂಗತಿ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯನ್ನು ಕೇಳುವವರಿಲ್ಲದಂತಾಗಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಕಾಲದಲ್ಲಿ, ಅವರು ಬೆಳಿಗ್ಗೆ ದೇವರ ಪೂಜೆ ಮುಗಿಸಿ, ಮಧ್ಯಾಹ್ನ ಬಿಸಿಲಲ್ಲಿ ಗುಡ್ಡೆ ಹತ್ತಿಳಿದು ಮನೆಮನೆಗೆ ಹೋಗಿ ಪಾಲು ಬಂಡವಾಳಕ್ಕೆ ಜನರನ್ನು ಒಪ್ಪಿಸುತ್ತಿದ್ದರಂತೆ. ಇದೇ ಮಾವನವರಿಗೆ ಲಾಟರಿ ಎಂದರೆ ಪಾಪದ ಹಣ. ಅವರ ಮಗನ ಚಿಕಿತ್ಸೆಗೆ ಸ್ವಲ್ಪ ಪಾಲು ಬಂದದ್ದು ಕೇರಳ ಸರ್ಕಾರದ ಕಾರುಣ್ಯ ನಿಧಿಯಿಂದ, ಎಂದರೆ ಲಾಟರಿಯ ಲಾಭದಿಂದ. ಅವರು ಬದುಕಿದ್ದರೆ ದೇವರಿಗೆ ಏನು ಹೇಳುತ್ತಿದ್ದರೋ!

ಉಳಿದದ್ದು ಕಿಡ್ನಿಯ ಮಾತು. ಅದನ್ನು ಕೊಟ್ಟ ಅತ್ತಿಗೆಯನ್ನೂ, ಎಂದರೆ ಯಜಮಾನರ ಅಕ್ಕನನ್ನೂ, ಜನ ಕೇಳುತ್ತಾರೆ, ಅಷ್ಟು ಧೈರ್ಯ ಹೇಗೆ ಬಂತು, ದೇವರು ಕನಸಿನಲ್ಲಿ ಬಂದು ಹೇಳಿದನಾ ಎಂದು. “ತಮ್ಮನಿಗೆ ಬೇಕಿತ್ತು, ನನ್ನಲ್ಲಿ ಎರಡಿತ್ತು” ಎಂದು ಹೇಳಿ ಅವರು ಮಜ್ಜಿಗೆ ಬಡಿಸಲು ಎದ್ದು ಹೋಗುತ್ತಾರೆ.

ಆದ್ದರಿಂದ ಮನೆಯವರನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟು: ದೀಪ ಹಚ್ಚಿ, ಬೇಡಿ, ಅಳು ಬಂದರೆ ಅಲ್ಲೇ ಅತ್ತುಬಿಡಿ. ಎಷ್ಟು ದಿನ ಉಂಟು, ಎಷ್ಟು ಹಣ ಕಡಿಮೆ ಉಂಟು ಎಂಬುದನ್ನು ದೇವರಿಗೆ ಹೇಳಿದಷ್ಟೇ ಸ್ಪಷ್ಟವಾಗಿ ನಾಲ್ಕು ಜನರಿಗೂ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಕೊಡುವ ಕೈಗೆ ನಿಮ್ಮ ಮನೆಯ ದಾರಿ ಸಿಗುವುದಿಲ್ಲ. ಕೇಳಿದ್ದೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ.

ಈ ವರ್ಷ ಬೇಸಗೆ ಬೇಗ ಕಾದಿದೆ. ನಮ್ಮ ಸುರಂಗದ ನೀರು ಕಿರುಬೆರಳಿನಷ್ಟು ಸಣ್ಣದಾಗಿದೆ. ಒಳಗೆ ಮಣ್ಣು ಕುಸಿದು ಒರತೆಗೆ ಅಡ್ಡ ಕುಳಿತಿರಬೇಕು. ಬರುವ ಸೋಮವಾರ ಇಬ್ಬರು ಹುಡುಗರು ಕೆಲಸಕ್ಕೆ ಬರುತ್ತಾರೆ. ಸೋಂಕಿನ ಭಯವಿರುವುದರಿಂದ ಯಜಮಾನರು ಒಳಗೆ ಹೋಗುವಂತಿಲ್ಲ. ದೂರದಲ್ಲಿ ಕುರ್ಚಿ ಹಾಕಿಕೊಂಡು ಕೋಲು ಎಣಿಸುತ್ತಾರೆ. ಬುಟ್ಟಿ ಹೊರಗೆ ಬಂದಾಗಲೆಲ್ಲ ಮಣ್ಣನ್ನು ಅಂಗೈಯಲ್ಲಿ ಹಿಡಿದು, ತಂಪು ಉಂಟಾ ಎಂದು ನೋಡಿ ಹೇಳುವುದು ನನ್ನ ಕೆಲಸ.