ಕುಳಿಬಿದ್ದ ಕೆನ್ನೆ, ಬೆಳಗಾವಿಯಲ್ಲಿ ಎರಡು ರಾತ್ರಿ

ಟೈಫಾಯ್ಡ್ ಜ್ವರದಲ್ಲಿ ಒಂಬತ್ತು ಕೆ.ಜಿ. ಇಳಿದಿದ್ದ ನನ್ನ ತೂಕ ಆರು ತಿಂಗಳಲ್ಲಿ ಮರಳಿ ಬಂದರೂ ಕೆನ್ನೆಗಳು ಮಾತ್ರ ತುಂಬಿಕೊಳ್ಳಲಿಲ್ಲ. ಬಾಗಲಕೋಟೆಯ ನವನಗರದಲ್ಲಿ ಪಾಠ ಹೇಳುವ ನನಗೆ, 47ರ ವಯಸ್ಸಿನಲ್ಲಿ ದಿನವೂ ಯಾರಾದರೊಬ್ಬರು “ಆರಾಮ ಇಲ್ಲೇನ್ರೀ ಮೇಡಂ?” ಎಂದು ಕೇಳುವುದು ಕನ್ನಡಿಗಿಂತ ಹೆಚ್ಚು ನೋವು ಕೊಡುತ್ತಿತ್ತು. ಕೆನ್ನೆಗೆ ಫಿಲ್ಲರ್, ಅಂದರೆ ಕುಳಿ ತುಂಬಲು ಚರ್ಮದಡಿ ಚುಚ್ಚುವ ಜೆಲ್, ಹಾಕಿಸಿಕೊಳ್ಳುವ ನಿರ್ಧಾರ ಹುಟ್ಟಿದ್ದು ಅಲ್ಲಿಂದ.

ಮೊದಲು ವಿಚಾರಿಸಿದ್ದು ಪರಿಚಯದ ಬ್ಯೂಟಿ ಪಾರ್ಲರ್ ಒಂದರಲ್ಲಿ. ಸೂಜಿಯೇ ಇಲ್ಲದ ಪೆನ್ನಿನಂಥ ಸಾಧನದಿಂದ ಅರ್ಧ ದರಕ್ಕೆ ಮಾಡಿಕೊಡುವುದಾಗಿ ಹೇಳಿದರು. ಇಂಥ ಸಾಧನಗಳನ್ನು ಫಿಲ್ಲರ್‌ಗೆ ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರ ಅಕ್ಟೋಬರ್‌ನಲ್ಲಿಯೇ ಎಚ್ಚರಿಸಿದೆ. ಒತ್ತಡದಿಂದ ಚಿಮ್ಮುವ ದ್ರವ ಎಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆಂಬುದು ಹಿಡಿದವರ ಕೈಯಲ್ಲಿ ಇರುವುದಿಲ್ಲ. ನಾನು ಬೆಳಗಾವಿಯ ಚರ್ಮರೋಗ ತಜ್ಞರೊಬ್ಬರ ಬಳಿಗೆ ಹೋದೆ.

ಅವರು ಸೂಚಿಸಿದ್ದು ಹೈಲುರಾನಿಕ್ ಆಮ್ಲದ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಲ್ಲಿ ಗುರುತಿಸಿದ ಈ ವಸ್ತು ನಮ್ಮ ಚರ್ಮದಲ್ಲೂ ಸಹಜವಾಗಿಯೇ ಇದ್ದು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದಿರುವುದರಿಂದ ಜೆಲ್ ಬೇಗ ಕರಗದೆ ತಿಂಗಳುಗಟ್ಟಲೆ ಉಳಿಯುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಗುಣವೆಂದರೆ, ಹೈಲುರೊನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಅದನ್ನು ಕರಗಿಸಲು ಸಾಧ್ಯವಿರುವುದು. ಜೆಲ್ ಅಪ್ಪಿತಪ್ಪಿ ರಕ್ತನಾಳದೊಳಗೆ ಸೇರಿ ಹರಿವು ಕಟ್ಟಿದರೆ ಆ ಭಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣಿನ ದೃಷ್ಟಿಯೂ ಹೋಗಬಹುದು. ಆಗ ಆ ಕಿಣ್ವ ಎಷ್ಟು ಬೇಗ ಸಿಗುತ್ತದೆಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಆದ್ದರಿಂದ ದರ ಕೇಳುವ ಮೊದಲು, ಔಷಧ ಈ ಹೊತ್ತು ನಿಮ್ಮಲ್ಲಿ ಇದೆಯೇ ಎಂದು ಕೇಳಿದೆ. ವೈದ್ಯರು ಬೇಸರಿಸದೆ ಫ್ರಿಜ್ ತೆರೆದು ಸೀಸೆ ತೋರಿಸಿದರು. ನನ್ನ ಧೈರ್ಯಕ್ಕೆ ಅದಕ್ಕಿಂತ ಬೇರೆ ಆಧಾರ ಬೇಕಾಗಲಿಲ್ಲ.

ಬಾಗಲಕೋಟೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಬೇಡವೆಂದು ಡಿಸೆಂಬರ್ ಆರಿಸಿಕೊಂಡೆ, ಏಕೆಂದರೆ ಕಾವು ಬಾವನ್ನು ಹೆಚ್ಚಿಸುತ್ತದೆ. ಹಲ್ಲು ಸ್ವಚ್ಛ ಮಾಡಿಸುವ ಕೆಲಸವನ್ನು ನವೆಂಬರ್‌ನಲ್ಲೇ ಮುಗಿಸಿದೆ. ಹಲ್ಲಿನ ಚಿಕಿತ್ಸೆಯಲ್ಲಿ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದಾದ್ದರಿಂದ ಫಿಲ್ಲರ್‌ಗೆ ಮೊದಲೂ ನಂತರವೂ ಎರಡು ವಾರದ ಅಂತರ ಇಡಬೇಕೆಂದು ಹೇಳಿದ್ದರು. ಮಂಡಿನೋವಿಗೆ ನುಂಗುತ್ತಿದ್ದ ಐಬುಪ್ರೊಫೇನ್ ಮತ್ತು ಮೀನೆಣ್ಣೆಯ ಗುಳಿಗೆಗಳನ್ನು ಒಂದು ವಾರ ಮೊದಲೇ ನಿಲ್ಲಿಸಿದೆ, ಏಕೆಂದರೆ ಇವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಿ, ಚುಚ್ಚಿದಲ್ಲಿ ಮೂಡುವ ನೀಲಿ ಕಲೆಗಳನ್ನು ಹೆಚ್ಚಿಸಬಹುದು. ಆದರೆ ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ಕೊಟ್ಟ ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸಬಾರದು. ಕೆನ್ನೆಯ ಕಲೆ ಹತ್ತು ದಿನದಲ್ಲಿ ಹೋಗುತ್ತದೆ, ಹೃದಯಾಘಾತ ಹಾಗಲ್ಲ. ತುಟಿಯ ಮೇಲೆ ಹಿಂದೆ ಹರ್ಪಿಸ್ ವೈರಸ್ಸಿನ ನೀರ್ಗುಳ್ಳೆಗಳೆದ್ದವರು ಅದನ್ನೂ ಮೊದಲೇ ಹೇಳಬೇಕು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಇದನ್ನು ಮಾಡುವುದಿಲ್ಲ.

ಚುಚ್ಚುವ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ಎರಡೂ ಕೆನ್ನೆಗೆ ಸೇರಿ ಒಂದೇ ಮಿಲಿಲೀಟರ್, ಅಂದರೆ ಚಹಾ ಚಮಚದ ಐದನೆಯ ಒಂದು ಪಾಲು.

ಅದೇ ಸಂಜೆಯ ಬಸ್ಸಿಗೆ ಮರಳಬೇಕೆಂದು ಮನೆಯವರ ಒತ್ತಾಯವಿತ್ತು. ನಾನು ಒಪ್ಪಲಿಲ್ಲ. ಯರಗಟ್ಟಿ, ಲೋಕಾಪುರ ದಾಟಿ ಊರು ಮುಟ್ಟಿದ ಮೇಲೆ ನಡುರಾತ್ರಿ ರಕ್ತನಾಳ ಕಟ್ಟಿದ ಸೂಚನೆಯಾಗಿ ಕೆನ್ನೆ ಬಿಳಿಚಿದರೆ, ಬಲೆಯಂಥ ನೀಲಿ ಗೆರೆ ಮೂಡಿದರೆ, ತಡೆಯಲಾಗದ ನೋವು ಬಂದರೆ ಅಥವಾ ಕಣ್ಣು ಮಂಜಾದರೆ ಮತ್ತೆ ಮೂರು-ನಾಲ್ಕು ತಾಸಿನ ದಾರಿ ಹಿಡಿಯಬೇಕು. ದೊಡ್ಡ ಊರಿನವರಿಗೆ ಈ ಲೆಕ್ಕ ಬೇಕಾಗದಿರಬಹುದು. ನಮ್ಮಂಥ ಊರುಗಳಿಂದ ಹೋಗುವವರು ಚಿಕಿತ್ಸೆಯ ಖರ್ಚಿನಲ್ಲಿಯೇ ವಸತಿಯ ಖರ್ಚನ್ನೂ ಸೇರಿಸಿಕೊಳ್ಳಬೇಕು. ಟಿಳಕವಾಡಿಯಲ್ಲಿರುವ ಅಕ್ಕನ ಮನೆಯಲ್ಲಿ ಎರಡು ರಾತ್ರಿ ಉಳಿದೆ.

ಎರಡನೆಯ ಮುಂಜಾನೆ ಮುಖ ಊದಿ, ಮಾಡಿಸಿಕೊಂಡದ್ದು ತಪ್ಪಾಯಿತೇನೋ ಎಂದು ಅಳು ಬಂತು. ಬಾವು ಮೊದಲ ಎರಡು ದಿನ ಏರಿ ಆಮೇಲೆ ಇಳಿಯುತ್ತದೆಂದು ಗೊತ್ತಿದ್ದರೂ ಬಂತು. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕನ್ನು ಹತ್ತು ಹತ್ತು ನಿಮಿಷ ಮೆಲ್ಲಗೆ ಇಟ್ಟುಕೊಂಡೆ, ಎರಡು ದಿಂಬಿನ ಮೇಲೆ ಅಂಗಾತ ಮಲಗಿದೆ. ಕಟಕ ರೊಟ್ಟಿ ಅಗಿಯಲು ಹೋಗದೆ ನುಚ್ಚು-ಮಜ್ಜಿಗೆ ಉಂಡೆ. ಕಷ್ಟವಾದದ್ದು ಕನ್ನಡಕದ್ದು: ಅದರ ಅಂಚು ಕೆನ್ನೆಯ ಮೇಲೆ ಕೂರುತ್ತಿದ್ದುದರಿಂದ ಮೊದಲ ದಿನಗಳಲ್ಲಿ ಓದುವುದನ್ನೇ ಬಿಡಬೇಕಾಯಿತು.

ಎಡಗೆನ್ನೆಯ ನೀಲಿ ಕಲೆ ಆರನೆಯ ದಿನ ಹಳದಿಯಾಗಿ ಹತ್ತನೆಯ ದಿನ ಮಾಯವಾಯಿತು. ಮಗಳ ಸಮಾನಳಾದ ಸೋದರಸೊಸೆಯ ಮದುವೆ ಜನವರಿಯ ಕೊನೆಗಿತ್ತು. ಅರಿಶಿನ ಹಚ್ಚುವ ದಿನ ಎಲ್ಲರೂ ಕೆನ್ನೆ ಉಜ್ಜುತ್ತಾರೆಂದು ನಾಲ್ಕು ವಾರಕ್ಕಿಂತ ಹೆಚ್ಚು ಅಂತರ ಇಟ್ಟುಕೊಂಡಿದ್ದೆ. ಎರಡು ವಾರದ ಭೇಟಿಗೆ ಹೋದಾಗ ಎಡಗಡೆ ಬಟಾಣಿಯಷ್ಟು ಗಂಟು ಕೈಗೆ ಹತ್ತುತ್ತಿತ್ತು. ವೈದ್ಯರು ಒತ್ತಿ ನೋಡಿ, ನೀವಾಗಿಯೇ ತಿಕ್ಕಬೇಡಿ, ಕಾಯೋಣ ಎಂದರು. ಮದುವೆಯ ವಾರ ಹುಡುಕಿದಾಗ ಅದು ಬೆರಳಿಗೆ ಸಿಗಲಿಲ್ಲ.